ಕಿರುಚುವ ಬ್ರೇಕಿಗೆ ಎಣ್ಣೆ ಮದ್ದಲ್ಲ

ಚನ್ನರಾಯಪಟ್ಟಣದ ಹೆದ್ದಾರಿ ಬದಿಯಲ್ಲಿ ಬೆಳಗಿನ ಹೊತ್ತು ಅರ್ಧ ಗಂಟೆ ನಿಂತರೆ ಸಾಕು, ಒಂದಲ್ಲ ಒಂದು ಹಳೆಯ ಯೆಜ್ಡಿ ಕಣ್ಣಿಗೆ ಬೀಳುತ್ತದೆ. ಹಿಂದುಗಡೆ ಹಾಲಿನ ಕ್ಯಾನು, ಇಲ್ಲವೇ ತೆಂಗಿನಕಾಯಿ ಚೀಲ. ಇಪ್ಪತ್ತು ಹೆಜ್ಜೆ ದೂರದಿಂದಲೇ ಅದರ ಎಂಜಿನ್ನಿನ ಸದ್ದು ಗುರುತು ಸಿಗುತ್ತದೆ. ಸರ್ಕಲ್ಲಿನ ಬಳಿ ಸವಾರ ಬ್ರೇಕ್ ಹಿಡಿದಾಗ ಇನ್ನೊಂದು ಸದ್ದು ಕೇಳುತ್ತದೆ. ಕಿವಿಗೆ ಸೂಜಿ ಚುಚ್ಚಿದಂಥ ಕೀರಲು ಸದ್ದು. ಟೀ ಅಂಗಡಿಯ ಮುಂದೆ ನಿಂತವರೆಲ್ಲ ಹಲ್ಲು ಕಚ್ಚಿಕೊಂಡು ತಿರುಗಿ ನೋಡುತ್ತಾರೆ.

ಆಮೇಲೆ ಗ್ಯಾರೇಜಿನಲ್ಲಿ ನಡೆಯುವ ಮಾತುಕತೆ ಯಾವ ಊರಿನಲ್ಲಾದರೂ ಹೆಚ್ಚುಕಡಿಮೆ ಹೀಗೇ ಇರುತ್ತದೆ.

'ನೋಡಪ್ಪಾ, ಬ್ರೇಕ್ ಹಿಡಿದ್ರೆ ಊರೆಲ್ಲ ತಿರುಗಿ ನೋಡ್ತದೆ. ಡ್ರಮ್ಮಿಗೆ ಒಂದ್ ತೊಟ್ಟು ಆಯಿಲ್ ಬಿಟ್ಬಿಡು.'

'ಆಯಿಲ್ ಬಿಟ್ರೆ ಸದ್ದೂ ನಿಂತೋಯ್ತದೆ, ಬ್ರೇಕೂ ನಿಂತೋಯ್ತದೆ ಗೌಡ್ರೇ. ಆಮೇಲೆ ಗಾಡಿ ಮಾತ್ರ ನಿಲ್ಲಲ್ಲ.'

ಎಲ್ಲ ಮೆಕ್ಯಾನಿಕ್ಕುಗಳೂ ಹೀಗೆ ಹೇಳಿ ಕಳಿಸುವುದಿಲ್ಲ. ಗಿರಾಕಿಯ ಒತ್ತಾಯಕ್ಕೆ ಮಣಿದು ಡ್ರಮ್ಮಿನೊಳಗೆ ಗ್ರೀಸು ಸವರಿ ಕಳಿಸುವವರೂ ಉಂಟು. ಮನೆಯಲ್ಲೇ ಸೈಕಲ್ ಎಣ್ಣೆ ಬಿಟ್ಟುಕೊಳ್ಳುವವರೂ ಉಂಟು. ಅಳುವ ಮಗುವಿನ ಬಾಯಿ ಮುಚ್ಚಿದರೆ ಅದರ ಹೊಟ್ಟೆನೋವು ವಾಸಿಯಾಗುವುದಿಲ್ಲ. ಬ್ರೇಕಿನ ಸದ್ದೂ ಹಾಗೆಯೇ. ಮೊದಲು ಸದ್ದೇಕೆ ಬರುತ್ತದೆಂದು ತಿಳಿಯಬೇಕು, ಮದ್ದು ಆಮೇಲೆ.

ಮೈಸೂರಿನ ಗಾಡಿ

ಈ ಸೀಮೆಗೂ ಜಾವಾ, ಯೆಜ್ಡಿಗಳಿಗೂ ಹಳೆಯ ನಂಟು. ಜೆಕೊಸ್ಲೊವಾಕಿಯಾದಲ್ಲಿ 1929ರಲ್ಲಿ ಹುಟ್ಟಿದ ಜಾವಾ, ರುಸ್ತುಂ ಇರಾನಿ ಮತ್ತು ಫರೂಕ್ ಇರಾನಿ ಅವರ ಸಾಹಸದಿಂದ ಮೈಸೂರಿಗೆ ಬಂತು. ಯಾದವಗಿರಿಯ ಐಡಿಯಲ್ ಜಾವಾ ಕಾರ್ಖಾನೆಯನ್ನು 1961ರಲ್ಲಿ ಜಯಚಾಮರಾಜೇಂದ್ರ ಒಡೆಯರು ಉದ್ಘಾಟಿಸಿದರು. ಮೊದಲು ಜಾವಾ ಎಂಬ ಹೆಸರಿನಲ್ಲಿ, 1970ರ ದಶಕದಿಂದ ಯೆಜ್ಡಿ ಎಂಬ ಹೆಸರಿನಲ್ಲಿ ಗಾಡಿಗಳು ಹೊರಬಂದವು. 1996ರಲ್ಲಿ ಕಾರ್ಖಾನೆ ಬಾಗಿಲು ಮುಚ್ಚಿತು. ಜಾವಾ ಹೆಸರು 2018ರಲ್ಲಿ ಬೇರೆ ಕಂಪೆನಿಯ ಮೂಲಕ ಮತ್ತೆ ಬಂದರೂ ಅದು ಹೊಸ ಯುಗದ, ಹೊಸ ಎಂಜಿನ್ನಿನ ಗಾಡಿ.

ಮೈಸೂರಿನಲ್ಲಿ ತಯಾರಾದ ಆ ಹಳೆಯ ಗಾಡಿಗಳಿಗೆ ಹಿಂದೆ ಮುಂದೆ ಎರಡೂ ಕಡೆ ಡ್ರಮ್ ಬ್ರೇಕು. ಚಕ್ರದ ನಡುವಿನ ಡಬ್ಬಿಯಂಥ ಭಾಗವೇ ಡ್ರಮ್. ಅದರೊಳಗೆ ಅರ್ಧಚಂದ್ರಾಕಾರದ ಎರಡು ಶೂಗಳು. ಒಂದು ತುದಿಯಲ್ಲಿ ಅವು ಗಟ್ಟಿ ಪಿನ್ನಿಗೆ ಆತುಕೊಂಡಿರುತ್ತವೆ. ಇನ್ನೊಂದು ತುದಿಯಲ್ಲಿ ಕ್ಯಾಮ್ ಎಂಬ ಚಪ್ಪಟೆ ತುಂಡು. ಸವಾರ ಲಿವರ್ ಹಿಡಿದರೆ ಕ್ಯಾಮ್ ತಿರುಗಿ ಶೂಗಳನ್ನು ಅಗಲಿಸುತ್ತದೆ. ಶೂಗಳ ಮೈಗೆ ಅಂಟಿಸಿದ ಇಲ್ಲವೇ ರಿವೆಟ್ ಹೊಡೆದ ಲೈನರ್ ಡ್ರಮ್ಮಿನ ಒಳಗೋಡೆಗೆ ಉಜ್ಜುತ್ತದೆ. ಗಾಡಿ ನಿಲ್ಲುತ್ತದೆ.

'ನಿಲ್ಲುತ್ತದೆ' ಎಂದು ಒಂದೇ ಮಾತಿನಲ್ಲಿ ಹೇಳಿದರೂ ಅಲ್ಲಿ ನಡೆಯುವ ಕೆಲಸ ಸಣ್ಣದಲ್ಲ. ಗಾಡಿ, ಸವಾರ, ಹಿಂದೆ ಕುಳಿತವರು ಎಲ್ಲ ಸೇರಿ 250 ಕಿಲೋ ಎಂದಿಟ್ಟುಕೊಳ್ಳಿ. ವೇಗ ಗಂಟೆಗೆ 60 ಕಿಲೋಮೀಟರ್. ಆಗ ಅದರ ಚಲನಶಕ್ತಿ ಸುಮಾರು 35 ಸಾವಿರ ಜೂಲ್. ತಣ್ಣಗಿರುವ ಅರ್ಧ ಲೋಟ ನೀರನ್ನು ಕುದಿಸಲು ಬೇಕಾಗುವಷ್ಟು ಶಾಖ ಇದು. ಬ್ರೇಕು ಈ ಶಕ್ತಿಯನ್ನು ಮೂರು ನಾಲ್ಕು ಸೆಕೆಂಡಿನಲ್ಲಿ ಶಾಖವನ್ನಾಗಿ ಮಾಡಿ ಹೊರಹಾಕಬೇಕು. ಸಕಲೇಶಪುರ ದಾಟಿ ಶಿರಾಡಿ ಘಾಟಿ ಇಳಿಯುವಾಗ ಲೆಕ್ಕ ಇನ್ನೂ ದೊಡ್ಡದು. ಸುಮಾರು 800 ಮೀಟರ್ ಇಳಿತ ಎಂದುಕೊಂಡರೆ ಆರು ಲೀಟರ್‌ನಷ್ಟು ನೀರು ಕುದಿಸುವ ಶಕ್ತಿ. ಗಾಳಿ ಮತ್ತು ಎಂಜಿನ್ ಅದರಲ್ಲಿ ಒಂದಿಷ್ಟು ಪಾಲು ಹೊರುತ್ತವೆ. ಆದರೆ ಎರಡು ಸ್ಟ್ರೋಕಿನ ಎಂಜಿನ್ ಇಳಿಜಾರಿನಲ್ಲಿ ಗಾಡಿಯನ್ನು ಹಿಡಿದೆಳೆಯುವುದು ಕಡಿಮೆ. ಪೆಟ್ರೋಲಿಗೇ ಆಯಿಲ್ ಬೆರೆಸುವ ಗಾಡಿಯಾದ್ದರಿಂದ ಎಕ್ಸಲರೇಟರ್ ಪೂರ್ತಿ ಮುಚ್ಚಿ ಬಹಳ ದೂರ ಇಳಿದರೆ ಎಂಜಿನ್ನಿಗೆ ಆಯಿಲ್ಲೂ ಸಾಲದು. ಹೀಗಾಗಿ ಈ ಗಾಡಿಗಳಲ್ಲಿ ಬ್ರೇಕಿನ ಮೇಲೆ ಹೊರೆ ಹೆಚ್ಚು.

ಸೀಮೆಸುಣ್ಣದ ಪಾಠ

ಕಿರುಚುವ ಸದ್ದನ್ನು ಅರ್ಥ ಮಾಡಿಕೊಳ್ಳಲು ಗ್ಯಾರೇಜಿಗಿಂತ ಶಾಲೆಯ ಕೋಣೆ ಒಳ್ಳೆಯದು. ಹೊಸ ಸೀಮೆಸುಣ್ಣವನ್ನು ಕಪ್ಪು ಹಲಗೆಯ ಮೇಲೆ ನೆಟ್ಟಗೆ ಹಿಡಿದು ಮುಂದಕ್ಕೆ ತಳ್ಳಿದರೆ ಅದು ಕಿರ್ ಎನ್ನುತ್ತದೆ, ಗೆರೆಯ ಬದಲು ಚುಕ್ಕಿಗಳ ಸಾಲು ಬೀಳುತ್ತದೆ. ಸುಣ್ಣದ ತುದಿ ಹಲಗೆಗೆ ಒಂದು ಕ್ಷಣ ಅಂಟಿಕೊಳ್ಳುತ್ತದೆ, ಬಾಗುತ್ತದೆ, ಫಕ್ಕನೆ ಜಾರುತ್ತದೆ, ಮತ್ತೆ ಅಂಟಿಕೊಳ್ಳುತ್ತದೆ. ಸೆಕೆಂಡಿಗೆ ನೂರಾರು ಸಲ ಹೀಗಾಗುವುದೇ ಆ ಸದ್ದು. ಪಿಟೀಲಿನ ಕಮಾನು ತಂತಿಯನ್ನು ನುಡಿಸುವುದೂ ಇದೇ ರೀತಿ. ಒಂದು ಸಂಗೀತ, ಇನ್ನೊಂದು ಕರ್ಕಶ. ವಿಜ್ಞಾನ ಮಾತ್ರ ಒಂದೇ.

ಅನುಭವಿ ಮೇಷ್ಟರು ಏನು ಮಾಡುತ್ತಾರೆ? ಸುಣ್ಣವನ್ನು ಮುರಿದು ಗಿಡ್ಡ ಮಾಡಿಕೊಳ್ಳುತ್ತಾರೆ. ಓರೆಯಾಗಿ ಹಿಡಿದು, ತಳ್ಳುವ ಬದಲು ಎಳೆಯುತ್ತಾರೆ. ಸದ್ದು ನಿಂತುಹೋಗುತ್ತದೆ. ಹಲಗೆಗೆ ಎಣ್ಣೆ ಸವರಿದರೂ ಸದ್ದು ನಿಲ್ಲುತ್ತದೆ ನಿಜ. ಆದರೆ ಆಮೇಲೆ ಬರೆಯಲು ಬರುವುದಿಲ್ಲ.

ಡ್ರಮ್ಮಿನೊಳಗಿನ ಎರಡು ಶೂಗಳಲ್ಲಿ ಒಂದು ತಳ್ಳುವ ಸುಣ್ಣ, ಇನ್ನೊಂದು ಎಳೆಯುವ ಸುಣ್ಣ. ಡ್ರಮ್ ಯಾವ ಶೂವನ್ನು ಕ್ಯಾಮಿನ ಕಡೆಯಿಂದ ಪಿನ್ನಿನ ಕಡೆಗೆ ಉಜ್ಜುತ್ತದೋ ಆ ಶೂವನ್ನು ಘರ್ಷಣೆಯೇ ಇನ್ನಷ್ಟು ಒಳಕ್ಕೆ ಎಳೆದುಕೊಳ್ಳುತ್ತದೆ. ಬೆರಳಿನ ಒತ್ತಡ ಕಡಿಮೆಯಾದರೂ ಹಿಡಿತ ಹೆಚ್ಚು. ಡ್ರಮ್ ಬ್ರೇಕಿನ ಶಕ್ತಿಯ ಗುಟ್ಟು ಇದೇ. ಅಂಟಿ ಜಾರಿ ಕಿರುಚುವ ಗುಣವೂ ಈ ಶೂವಿಗೇ ಹೆಚ್ಚು. ಶೂ ನಡುಗಿದರೆ ಡ್ರಮ್ ಗಂಟೆಯಂತೆ ಅದನ್ನು ದೊಡ್ಡದು ಮಾಡಿ ಊರಿಗೆ ಸಾರುತ್ತದೆ.

ಚರ್ಮದಿಂದ ಕಲ್ನಾರಿಗೆ

ಲೈನರ್ ಎಂಬ ವಸ್ತುವಿನ ಕಥೆಯೂ ಸ್ವಾರಸ್ಯವಾಗಿದೆ. 1888ರ ಆಗಸ್ಟಿನಲ್ಲಿ ಜರ್ಮನಿಯ ಬರ್ತಾ ಬೆಂಜ್ ಎಂಬ ಮಹಿಳೆ ಗಂಡ ಕಾರ್ಲ್ ತಯಾರಿಸಿದ ಮೋಟಾರು ಗಾಡಿಯಲ್ಲಿ ಮಕ್ಕಳನ್ನು ಕೂರಿಸಿಕೊಂಡು ಮ್ಯಾನ್‌ಹೈಮಿನಿಂದ ಫೋರ್ಜ್‌ಹೈಮಿಗೆ, ಸುಮಾರು ನೂರು ಕಿಲೋಮೀಟರ್, ಹೊರಟರು. ಇಳಿಜಾರುಗಳಲ್ಲಿ ಮರದ ಬ್ರೇಕು ಸವೆದುಹೋದಾಗ ದಾರಿಯಲ್ಲಿ ಸಿಕ್ಕ ಚಮ್ಮಾರನಿಂದ ಅದಕ್ಕೆ ಚರ್ಮ ಹೊಡೆಸಿದರಂತೆ. ಮೊದಲ ಬ್ರೇಕ್ ಲೈನರ್ ಅದೇ ಎನ್ನುತ್ತಾರೆ. ಇಂಗ್ಲೆಂಡಿನ ಹರ್ಬರ್ಟ್ ಫ್ರೂಡ್, ಗುಡ್ಡಗಾಡಿನ ಬಂಡಿಯವರು ಗಾಲಿ ಹಿಡಿಯುವ ಮರದ ತುಂಡಿಗೆ ಹಳೆಯ ಬೂಟಿನ ಚರ್ಮ ಹೊಡೆಯುವುದನ್ನು ಕಂಡು 1897ರಲ್ಲಿ ಇದನ್ನೇ ಉದ್ಯಮ ಮಾಡಿಕೊಂಡರು. ಫೆರೋಡೋ ಎಂಬ ಹೆಸರು ಅವರ ಹೆಸರಿನ ಅಕ್ಷರಗಳಿಗೆ ಹೆಂಡತಿ ಎಲಿಜಬೆತ್‌ರ ಹೆಸರಿನ ಮೊದಲಕ್ಷರ ಸೇರಿ ಆದದ್ದು.

ಚರ್ಮ, ಹತ್ತಿ ಎಲ್ಲವೂ ಬಿಸಿಗೆ ಸುಟ್ಟುಹೋಗುತ್ತಿದ್ದವು. ಸುಡದ ನಾರೊಂದು ಬೇಕಾಗಿತ್ತು. ಅದು ಸಿಕ್ಕಿದ್ದು ಕಲ್ಲಿನಲ್ಲಿ. ಕಲ್ನಾರು, ಅಂದರೆ ಆಸ್‌ಬೆಸ್ಟಾಸ್. ಹಾಸನ ಜಿಲ್ಲೆಯವರಿಗೆ ಈ ಹೆಸರು ಹೊಸದಲ್ಲ, ಹೊಳೆನರಸೀಪುರದ ಸುತ್ತಿನ ಶಿಲೆಗಳಲ್ಲೂ ಅದು ಉಂಟು. ಇಪ್ಪತ್ತನೆಯ ಶತಮಾನದ ಬಹುಭಾಗ ಜಗತ್ತಿನ ಬ್ರೇಕುಗಳೆಲ್ಲ ಕಲ್ನಾರಿನ ಮೇಲೆಯೇ ನಿಂತವು. ಅದರ ಬೆಲೆ ಏನೆಂಬುದನ್ನು ಮುಂದೆ ನೋಡೋಣ.

ಎಂಥ ಸದ್ದು, ಏನು ಕಾರಣ?

ಎಲ್ಲ ಸದ್ದೂ ರೋಗವಲ್ಲ. ರಾತ್ರಿ ತೋಟದ ಮನೆಯ ಮುಂದೆ ಇಬ್ಬನಿಯಲ್ಲಿ ನಿಂತ ಗಾಡಿ ಬೆಳಿಗ್ಗೆ ಮೊದಲೆರಡು ಸಲ ಕಿರುಚಿ ಆಮೇಲೆ ಸುಮ್ಮನಾದರೆ ಅದು ಡ್ರಮ್ಮಿನ ಮೇಲೆ ಹತ್ತಿದ ತೆಳು ತುಕ್ಕು. ಚಿಂತೆ ಬೇಡ.

ಕಿರುಚುವುದರ ಜೊತೆಗೆ ಹಿಡಿತವೂ ಕಡಿಮೆಯಾಗಿದ್ದರೆ ಲೈನರ್ ಗಾಜಿನಂತಾಗಿದೆ ಎಂದರ್ಥ. ಘಾಟಿಯಲ್ಲಿ ಬ್ರೇಕನ್ನು ಹಿಡಿದೇ ಇಳಿದರೆ ಲೈನರಿನೊಳಗಿನ ಅಂಟು ಬಿಸಿಗೆ ಮೇಲೆ ಬಂದು ಹೊಳೆಯುವ ಪದರವಾಗುತ್ತದೆ. ಬಿಚ್ಚಿ ನೋಡಿದರೆ ಪಾಲಿಶ್ ಹಾಕಿದಂತೆ ಮಿನುಗುತ್ತದೆ.

ಕಬ್ಬಿಣಕ್ಕೆ ಕಬ್ಬಿಣ ಕೆರೆದಂಥ ಒರಟು ಸದ್ದು ಬಂದರೆ ಆ ಕ್ಷಣವೇ ಗಾಡಿ ನಿಲ್ಲಿಸಬೇಕು. ಲೈನರ್ ಮುಗಿದು ರಿವೆಟ್ಟಿನ ತಲೆಯೋ ಶೂವಿನ ಲೋಹವೋ ಡ್ರಮ್ಮನ್ನು ಕೊರೆಯುತ್ತಿದೆ.

ಬ್ರೇಕ್ ಹಿಡಿದಾಗ ಲಿವರ್ ಬೆರಳಿಗೆ ತಾಳಬದ್ಧವಾಗಿ ಒದೆಯುತ್ತಿದ್ದರೆ ಡ್ರಮ್ಮಿನ ದುಂಡು ಕೆಟ್ಟಿದೆ. ಇದು ಲೇತಿನ ಕೆಲಸ. ಅಲ್ಯೂಮಿನಿಯಂ ಹಬ್ಬಿನೊಳಗೆ ಕೂರಿಸಿದ ಎರಕದ ಕಬ್ಬಿಣದ ಬಳೆಯನ್ನು ಆದಷ್ಟು ತೆಳುವಾಗಿ, ಬೇಕಾದಷ್ಟೇ ಕೆರೆಸಬೇಕು. ಕೆರೆದದ್ದು ಮತ್ತೆ ಬರುವುದಿಲ್ಲ.

ಸೋತ ಸ್ಪ್ರಿಂಗು, ಸವೆದ ಕ್ಯಾಮು, ಸಡಿಲವಾದ ಪಿನ್ನು, ಸವೆದ ಚಕ್ರದ ಬೇರಿಂಗು ಇವು ಶೂವನ್ನು ಅಲುಗಾಡಲು ಬಿಡುತ್ತವೆ. ಅಲುಗಾಡುವ ಶೂ ಕಿರುಚುತ್ತದೆ. ಹೊಸ ಲೈನರ್ ಹಾಕಿದರೂ ಸದ್ದು ಹೋಗಲಿಲ್ಲ ಎನ್ನುವವರು ಮೊದಲು ನೋಡಬೇಕಾದದ್ದು ಇವನ್ನೇ.

ಯಾವ ಲೈನರ್ ಒಳ್ಳೆಯದು?

'ಗಟ್ಟಿ ಲೈನರ್ ಕೊಡಿ, ಬಾಳಿಕೆ ಬರಲಿ' ಎಂದು ಕೇಳುವವರೇ ಹೆಚ್ಚು. ಹಳೆಯ ಗಾಡಿಗೆ ಈ ಲೆಕ್ಕ ತಲೆಕೆಳಗು. ಗಟ್ಟಿ ಲೈನರ್ ನಿಧಾನವಾಗಿ ಸವೆಯುತ್ತದೆ. ಆದರೆ ತಣ್ಣಗಿರುವಾಗ ಅದರ ಹಿಡಿತ ಕಡಿಮೆ, ಕಿರುಚುವುದು ಹೆಚ್ಚು, ಡ್ರಮ್ಮನ್ನು ತಿನ್ನುವುದೂ ಹೆಚ್ಚು. ಲೋಹದ ಪುಡಿ ಜಾಸ್ತಿ ಇರುವ ಲೈನರ್ ಹಳೆಯ ಎರಕದ ಕಬ್ಬಿಣಕ್ಕೆ ಹಗೆ. ಮೆದು ಲೈನರ್ ಬೇಗ ಸವೆದರೂ ಮೊದಲ ಒತ್ತಿಗೇ ಹಿಡಿಯುತ್ತದೆ, ಸದ್ದು ಕಡಿಮೆ. ಲೈನರ್ ಮತ್ತೆ ಸಿಗುತ್ತದೆ. ಮುಚ್ಚಿಹೋದ ಕಾರ್ಖಾನೆಯ ಡ್ರಮ್ ಸಿಗುವುದು ಕಷ್ಟ. ಸವೆಯಬೇಕಾದದ್ದು ಲೈನರೇ ಹೊರತು ಡ್ರಮ್ಮಲ್ಲ.

ಕೊಳ್ಳುವಾಗ ಪೆಟ್ಟಿಗೆಯ ಮೇಲೆ ಆಸ್‌ಬೆಸ್ಟಾಸ್ ಇಲ್ಲ ಎಂದು ಸ್ಪಷ್ಟವಾಗಿ ಬರೆದಿದೆಯೇ ನೋಡಬೇಕು. ಅಂಗಡಿಯ ಅಟ್ಟದಲ್ಲಿ ಸಿಕ್ಕ ಹಳೆಯ ಕಾಲದ ಮಾಲು ಎಂದು ಹಿಗ್ಗಿ ಹಾಕಿಸಿಕೊಳ್ಳುವುದು ಬೇಡ. ಅದರಲ್ಲಿ ಕಲ್ನಾರು ಇರುವ ಸಂಭವ ಹೆಚ್ಚು. ಅಂಟೂ ಒಣಗಿ ಲೈನರ್ ಕಿತ್ತುಬರಬಹುದು. ಹಳೆಯ ಶೂಗಳೇ ಗಟ್ಟಿಯಾಗಿದ್ದರೆ ಅವುಗಳಿಗೆ ಹೊಸ ಲೈನರ್ ಹಾಕಿಸುವುದು ಎಷ್ಟೋ ಸಲ ದುಂಡು ಕೆಟ್ಟ ನಕಲಿ ಶೂಗಿಂತ ಮೇಲು.

ಹೊಸ ಕಾಲದ ಡಿಸ್ಕ್ ಬ್ರೇಕನ್ನು ಹಳೆಯ ಗಾಡಿಗೆ ಕೂರಿಸಿಕೊಂಡವರಿಗೂ ಈ ಮಾತು ಅನ್ವಯಿಸುತ್ತದೆ. ಲೋಹದ ಪುಡಿಯನ್ನು ಒತ್ತಿ ಕಾಯಿಸಿ ಮಾಡಿದ ಪ್ಯಾಡುಗಳು ಮಳೆಯಲ್ಲಿ ಚೆನ್ನಾಗಿ ಹಿಡಿಯುತ್ತವೆ, ಬಹಳ ದಿನ ಬಾಳುತ್ತವೆ. ಆದರೆ ಸದ್ದು ಮಾಡುವುದು ಹೆಚ್ಚು. ಎರಕದ ಕಬ್ಬಿಣದ ಡಿಸ್ಕಿಗೆ ಅವು ತಕ್ಕವಲ್ಲ. ನಾರು ಮತ್ತು ಅಂಟಿನಿಂದ ಮಾಡಿದ ಪ್ಯಾಡುಗಳು ಶಾಂತ, ಡಿಸ್ಕಿಗೂ ಹಿತ. ಪ್ಯಾಡು ಕಿರುಚಿದರೆ ಅದು ಜಾರುವ ಪಿನ್ನುಗಳನ್ನು ಶುಚಿ ಮಾಡಿ, ಬಿಸಿ ತಡೆಯುವ ಗ್ರೀಸನ್ನು ಪ್ಯಾಡಿನ ಬೆನ್ನಿಗೆ ಮಾತ್ರ ತೆಳುವಾಗಿ ಸವರಬಹುದು. ಉಜ್ಜುವ ಮುಖಕ್ಕೆ ಅದರ ಸೋಂಕೂ ತಗುಲಬಾರದು.

ಮದ್ದು ಮಾಡುವ ಕ್ರಮ

ಹೊಸ ಲೈನರ್ ಹಾಕಿದ ಮೇಲೆ ಅದು ಡ್ರಮ್ಮಿಗೆ ಎಲ್ಲೆಲ್ಲಿ ತಾಗುತ್ತದೆಂದು ತಿಳಿಯಲು ಮತ್ತೆ ಸೀಮೆಸುಣ್ಣವೇ ಬೇಕು. ಲೈನರಿನ ಮೈಗೆಲ್ಲ ಸುಣ್ಣ ಬಳಿದು, ಚಕ್ರ ಜೋಡಿಸಿ, ತಿರುಗಿಸುತ್ತ ಮೆಲ್ಲಗೆ ಬ್ರೇಕ್ ಹಿಡಿದು, ಮತ್ತೆ ಬಿಚ್ಚಿ ನೋಡಬೇಕು. ಸುಣ್ಣ ಅಳಿಸಿಹೋದ ಕಡೆ ಉಬ್ಬು. ಕೆರೆದ ಡ್ರಮ್ಮಿಗೆ ಹೊಸ ಶೂ ಹಾಕಿದರೆ ನಡುವೆ ಅಂಗೈಯಗಲ ಮಾತ್ರ ತಾಗುವುದು ಸಾಮಾನ್ಯ. ಉಬ್ಬಿದ ಕಡೆಯನ್ನು ಒದ್ದೆ ಮಾಡಿದ ಉಪ್ಪುಕಾಗದದಿಂದ ತಿಕ್ಕಿ, ಒಣಗಿಸಿ, ಮತ್ತೆ ಸುಣ್ಣ ಬಳಿದು ನೋಡಬೇಕು. ಎರಡು ಮೂರು ಸಲಕ್ಕೆ ಲೈನರಿನ ಬಹುಪಾಲು ತಾಗತೊಡಗುತ್ತದೆ.

ಮುಂದಿನ ಕೆಲಸ ಅಂಚು ಮುರಿಯುವುದು. ಡ್ರಮ್ ತಿರುಗುವಾಗ ಲೈನರಿನ ಯಾವ ಅಂಚು ಮೊದಲು ಸಿಗುತ್ತದೋ ಆ ಅಂಚನ್ನು ಕಾಲು ಅಂಗುಲದಷ್ಟು ಓರೆ ಮಾಡಬೇಕು. ಮೇಷ್ಟರು ಸುಣ್ಣವನ್ನು ಓರೆಯಾಗಿ ಹಿಡಿದಂತೆಯೇ ಇದು. ಚೂಪು ಅಂಚು ಕಚ್ಚಿ ಬಿಡುವುದು ತಪ್ಪುತ್ತದೆ. ಎಷ್ಟೋ ಗಾಡಿಗಳ ಕಿರುಚಾಟ ಇಷ್ಟಕ್ಕೇ ನಿಂತುಹೋಗುತ್ತದೆ.

ಕ್ಯಾಮನ್ನು ಬಿಚ್ಚಿ ತುಕ್ಕು ತೆಗೆದು, ಬಿಸಿ ತಡೆಯುವ ಗ್ರೀಸನ್ನು ಬೆರಳಿನಲ್ಲಿ ಸವರಿ ಒರೆಸಿದಷ್ಟು ತೆಳುವಾಗಿ ಹಚ್ಚಬೇಕು. ಹೆಚ್ಚಾದದ್ದು ಕರಗಿ ಲೈನರಿಗೇ ಇಳಿಯುತ್ತದೆ. ಸೋತ ಸ್ಪ್ರಿಂಗುಗಳನ್ನು ಜೋಡಿಯಾಗಿ ಬದಲಿಸಬೇಕು.

ಚಕ್ರ ಕೂರಿಸುವಾಗ ಆಕ್ಸಲ್ ನಟ್ಟನ್ನು ಸಡಿಲವಾಗಿ ಬಿಟ್ಟು, ಚಕ್ರ ತಿರುಗಿಸಿ ಬ್ರೇಕನ್ನು ಬಿಗಿಯಾಗಿ ಹಿಡಿದು, ಹಿಡಿದಂತೆಯೇ ನಟ್ ಬಿಗಿಸಬೇಕು. ಆಗ ಶೂಗಳು ಡ್ರಮ್ಮಿನ ನಟ್ಟನಡುವೆ ಕೂರುತ್ತವೆ. ಕಾಸು ಖರ್ಚಿಲ್ಲದ ಈ ಉಪಾಯ ಹಿಡಿತವನ್ನೂ ಹೆಚ್ಚಿಸುತ್ತದೆ.

ಕೊನೆಗೆ ಕೇಬಲ್. ಬ್ರೇಕ್ ಪೂರ್ತಿ ಹಿಡಿದಾಗ ಕೇಬಲ್ಲಿಗೂ ಕ್ಯಾಮಿನ ತೋಳಿಗೂ ನಡುವಿನ ಕೋನ ಹೆಚ್ಚುಕಡಿಮೆ ಲಂಬಕೋನವಾಗಿರಬೇಕು. ಲೈನರ್ ಸವೆದಾಗ ಆ ತೋಳನ್ನು ಕಿತ್ತು ಒಂದು ಹಲ್ಲು ಹಿಂದಕ್ಕೆ ಹಾಕಿ ಬಿಗಿ ಮಾಡಿಕೊಡುವ ಪದ್ಧತಿ ಉಂಟು. ಇದು ಸವೆತವನ್ನು ಮರೆಮಾಚುತ್ತದೆ ಅಷ್ಟೆ. ಒಂದು ದಿನ ಕ್ಯಾಮ್ ಮಗುಚಿ ಬಿದ್ದರೆ ಬ್ರೇಕು ಬಿಡುವುದೇ ಇಲ್ಲ, ಚಕ್ರ ಕಚ್ಚಿಕೊಳ್ಳುತ್ತದೆ.

ಹೊಸ ಲೈನರ್ ಪಳಗುವವರೆಗೆ ಘಾಟಿಯ ದಾರಿ ಬೇಡ. ಖಾಲಿ ರಸ್ತೆಯಲ್ಲಿ ಸಾಧಾರಣ ವೇಗದಿಂದ ಹತ್ತಿಪ್ಪತ್ತು ಸಲ ಮೆಲ್ಲಗೆ ನಿಲ್ಲಿಸಿ, ನಡುನಡುವೆ ತಣ್ಣಗಾಗಲು ಬಿಟ್ಟರೆ ಲೈನರ್ ಮತ್ತು ಡ್ರಮ್ ಒಂದಕ್ಕೊಂದು ಹೊಂದಿಕೊಳ್ಳುತ್ತವೆ.

ಒಂದು ತೊಟ್ಟು ಎಣ್ಣೆಯ ಲೆಕ್ಕ

ಗಂಟೆಗೆ 60 ಕಿಲೋಮೀಟರ್ ವೇಗದ ಗಾಡಿ ಸೆಕೆಂಡಿಗೆ ಸುಮಾರು 17 ಮೀಟರ್ ಓಡುತ್ತದೆ. ಅಡ್ಡ ಬಂದ ಹಸುವನ್ನು ಕಂಡು ಕೈ ಬ್ರೇಕಿಗೆ ಹೋಗಲು ಒಂದು ಸೆಕೆಂಡು ಬೇಕು ಎಂದುಕೊಳ್ಳಿ. ಒಳ್ಳೆಯ ಸ್ಥಿತಿಯಲ್ಲಿರುವ ಎರಡೂ ಬ್ರೇಕುಗಳು ಪ್ರತಿ ಸೆಕೆಂಡಿಗೆ 6 ಮೀಟರ್ ವೇಗ ಇಳಿಸುವಂತಿದ್ದರೆ ಆಮೇಲೆ ನಿಲ್ಲಲು 23 ಮೀಟರ್, ಕ್ರಿಕೆಟ್ ಪಿಚ್ಚಿಗಿಂತ ಸ್ವಲ್ಪ ಉದ್ದ. ಒಟ್ಟು 40 ಮೀಟರ್. ಎಣ್ಣೆಯಿಂದ ಘರ್ಷಣೆ ಅರ್ಧಕ್ಕಿಳಿದರೆ 23 ಇದ್ದದ್ದು 46 ಆಗುತ್ತದೆ, ಒಟ್ಟು 63 ಮೀಟರ್. ಮೊದಲಿನ ಗಾಡಿ ನಿಂತ ಜಾಗವನ್ನು ಎರಡನೆಯ ಗಾಡಿ ದಾಟುವಾಗ ಅದರ ವೇಗ ಇನ್ನೂ ಗಂಟೆಗೆ 40 ಕಿಲೋಮೀಟರಿಗಿಂತ ಹೆಚ್ಚು. ಹಸುವಿನ ಜಾಗದಲ್ಲಿ ಶಾಲೆಗೆ ಹೊರಟ ಮಗು ಇದ್ದರೆ?

ಎಣ್ಣೆ ಕುಡಿದ ಲೈನರನ್ನು ಪೆಟ್ರೋಲಿನಲ್ಲಿ ತೊಳೆದು, ಬೆಂಕಿಗೆ ಹಿಡಿದು ಮತ್ತೆ ಹಾಕುವವರಿದ್ದಾರೆ. ಮೇಲಿನ ಎಣ್ಣೆ ಹೋಗುತ್ತದೆ, ಒಳಗೆ ಹೀರಿದ್ದು ಹಾಗೆಯೇ ಇರುತ್ತದೆ. ಬ್ರೇಕು ಬಿಸಿಯಾದಾಗ, ಅಂದರೆ ಅದರ ಅಗತ್ಯ ಅತಿ ಹೆಚ್ಚಾದಾಗ, ಆ ಎಣ್ಣೆ ಮತ್ತೆ ಮೇಲೆ ಬರುತ್ತದೆ. ಅಂಥ ಲೈನರನ್ನು ಎಸೆಯುವುದೊಂದೇ ದಾರಿ. ಎಣ್ಣೆ ಎಲ್ಲಿಂದ ಬಂತೆಂದು ಹುಡುಕುವುದೂ ಮುಖ್ಯ. ಎಷ್ಟೋ ಸಲ ಅದು ಬೇರಿಂಗಿಗೆ ತುಂಬಿದ ಅತಿಯಾದ ಗ್ರೀಸು.

ಊದಬೇಡಿ

ಸದ್ದಿಲ್ಲದ ಅಪಾಯವೊಂದು ಉಳಿದಿದೆ. ಡ್ರಮ್ ಬಿಚ್ಚಿದ ಕೂಡಲೇ ಮೆಕ್ಯಾನಿಕ್ಕಾಗಲಿ ಅವನ ಕೈಕೆಳಗಿನ ಹುಡುಗನಾಗಲಿ ಮಾಡುವ ಮೊದಲ ಕೆಲಸ ಒಳಗಿನ ಕಪ್ಪು ಧೂಳನ್ನು ಬಾಯಿಂದಲೋ ಗಾಳಿಯ ಪೈಪಿನಿಂದಲೋ ಊದುವುದು. ಹಳೆಯ ಲೈನರಾದರೆ ಆ ಧೂಳಿನಲ್ಲಿ ಕಲ್ನಾರಿನ ಎಳೆಗಳಿರಬಹುದು. ಕಣ್ಣಿಗೆ ಕಾಣದ ಆ ಎಳೆಗಳು ಪುಪ್ಪುಸದ ಆಳಕ್ಕೆ ಹೋಗಿ ಅಲ್ಲೇ ಉಳಿಯುತ್ತವೆ. ಅವುಗಳಿಂದ ಬರುವ ಕ್ಯಾನ್ಸರ್ ತಲೆಯೆತ್ತಲು ಇಪ್ಪತ್ತು, ಮೂವತ್ತು, ಕೆಲವೊಮ್ಮೆ ನಲವತ್ತು ವರ್ಷ ಬೇಕು. ಕಲ್ನಾರು ಕ್ಯಾನ್ಸರ್‌ಕಾರಕ ಎಂಬ ಬಗ್ಗೆ ವಿಜ್ಞಾನಿಗಳಲ್ಲಿ ಸಂಶಯ ಉಳಿದಿಲ್ಲ. ಕಲ್ನಾರು ಉದ್ಯಮದ ಪ್ರತಿಯೊಬ್ಬ ಕಾರ್ಮಿಕನ ಆರೋಗ್ಯ ದಾಖಲೆಯನ್ನು ಕನಿಷ್ಠ 40 ವರ್ಷ ಇಡಬೇಕೆಂದು ಸುಪ್ರೀಂ ಕೋರ್ಟ್ 1995ರ ಜನವರಿಯ ತೀರ್ಪಿನಲ್ಲಿ ಹೇಳಿತು. ಗ್ಯಾರೇಜಿನ ಹುಡುಗನ ದಾಖಲೆ ಇಡುವವರು ಯಾರೂ ಇಲ್ಲ.

ಅವನನ್ನು ಕಾಪಾಡಲು ದೊಡ್ಡ ಯಂತ್ರ ಬೇಕಿಲ್ಲ. ಒಂದು ಬಕೆಟ್ ಸೋಪಿನ ನೀರು, ಒಂದು ಹಳೆಯ ಬಟ್ಟೆ ಸಾಕು. ಡ್ರಮ್ಮನ್ನು ಒದ್ದೆ ಮಾಡಿ ಒರೆಸಿ, ಬಟ್ಟೆಯನ್ನು ಒದ್ದೆಯಾಗಿರುವಾಗಲೇ ಪ್ಲಾಸ್ಟಿಕ್ ಕವರಿನಲ್ಲಿ ಕಟ್ಟಿ ಬಿಸಾಡಬೇಕು. ಯಾವುದರಿಂದ ಮಾಡಿದ್ದೆಂದು ತಿಳಿಯದ ಹಳೆಯ ಲೈನರ್ ಗಾಜಿನಂತಾಗಿದ್ದರೆ ಅದನ್ನು ಉಜ್ಜಿ ಸರಿ ಮಾಡುವ ಗೋಜಿಗೇ ಹೋಗದೆ ಬದಲಿಸಬೇಕು. ಕೆಲಸ ಮಾಡಿದ ಅಂಗಿಯಲ್ಲೇ ಮನೆಗೆ ಹೋಗಿ ಮಕ್ಕಳನ್ನು ಎತ್ತಿಕೊಳ್ಳಬಾರದು.

ಮುಂದಿನ ಸಲ ಸರ್ಕಲ್ಲಿನಲ್ಲಿ ಹಳೆಯ ಯೆಜ್ಡಿಯೊಂದು ಕಿರುಚಿದರೆ ಅದರ ಯಜಮಾನರು ನಾಚಿಕೊಳ್ಳಬೇಕಾಗಿಲ್ಲ. ಗಾಡಿ ತನ್ನ ನೋವನ್ನು ಹೇಳಿಕೊಂಡಿದೆ ಅಷ್ಟೆ. ಜೇಬಿನಲ್ಲಿ ಒಂದು ತುಂಡು ಸೀಮೆಸುಣ್ಣ ಇಟ್ಟುಕೊಂಡು ಗ್ಯಾರೇಜಿಗೆ ಹೋಗಲಿ. ಎಣ್ಣೆಯ ಡಬ್ಬಿ ಚೈನಿಗಿರಲಿ.